ಮುಸಾಫಿರನೋ, ಮುಕೀಮನೋ?

ಎಂಟು ವರ್ಷಗಳ ಹಿಂದಿನ ಮಾತು. ಶಿವಮೊಗ್ಗದಲ್ಲಿ ನಾನು ನಡೆಸುವ ಸಂಜೆಯ ದೀನಿ ತರಗತಿಯಲ್ಲಿ ಅಂದು ಪ್ರಯಾಣಿಕನ ನಮಾಝಿನ ಪಾಠವಿತ್ತು. ಪ್ರಯಾಣದಲ್ಲಿರುವವನು ಲುಹ್ರ್, ಅಸ್ರ್ ಮತ್ತು ಇಶಾದ ನಾಲ್ಕು ರಕಅತ್‌ಗಳ ಬದಲು ಎರಡನ್ನು ನಿರ್ವಹಿಸಬೇಕು, ಫಜ್ರ್ ಮತ್ತು ಮಗ್ರಿಬ್‌ನಲ್ಲಿ ಮಾತ್ರ ವ್ಯತ್ಯಾಸವಿಲ್ಲ ಎಂದು ಹೇಳುತ್ತಿದ್ದಂತೆ, ಭದ್ರಾವತಿಯಿಂದ ದಿನಾಲೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಹುಡುಗನೊಬ್ಬ ಎದ್ದು ನಿಂತ. "ಹಝ್ರತ್, ನಾನು ದಿನಾ ಸಫರ್ ಮಾಡುತ್ತೇನಲ್ಲ, ನನಗೂ ಎರಡೇ ಸಾಕಲ್ಲವೇ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಭದ್ರಾವತಿ ಇಲ್ಲಿಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ನಮ್ಮ ದೇಶದ ಹನಫೀ ವಿದ್ವಾಂಸರು ಹೆಚ್ಚಾಗಿ ಹೇಳುವ ದೂರ 48 ಮೈಲಿ, ಎಂದರೆ 77 ಕಿಲೋಮೀಟರಿಗೂ ತುಸು ಹೆಚ್ಚು. "ಬೇಟಾ, ನೀನು ಬೆಂಗಳೂರಿಗೆ ಹೋದ ದಿನ ಮುಸಾಫಿರ್ ಆಗುತ್ತೀ. ಇಲ್ಲಿಗೆ ಬರುವಾಗ ನಾಲ್ಕೂ ಓದಬೇಕು" ಎಂದೆ. ಹುಡುಗ ಸಪ್ಪೆ ಮುಖ ಮಾಡಿ ಕುಳಿತುಕೊಂಡ.

ಅದೇ ಹುಡುಗ ಈಗ ಇಪ್ಪತ್ತೊಂದರ ತರುಣ. ಎಂಜಿನಿಯರಿಂಗ್ ಓದುತ್ತಿದ್ದವನು ಎರಡು ವಿದ್ಯಾಲಯಗಳ ನಡುವಿನ ವಿದ್ಯಾರ್ಥಿ ವಿನಿಮಯ ಯೋಜನೆಯಡಿ ಅರ್ಧ ವರ್ಷಕ್ಕೆಂದು ಜರ್ಮನಿಯ ಬರ್ಲಿನ್ನಿಗೆ ಹೋದ. ಕಳೆದ ಚಳಿಗಾಲದ ಕೊನೆಯಲ್ಲಿ ಅಲ್ಲಿಂದ ಅವನು ಕಳುಹಿಸಿದ ಒಂದು ಧ್ವನಿ ಸಂದೇಶವೇ ಈ ಲೇಖನಕ್ಕೆ ಕಾರಣ. ಅವನ ಮತ್ತು ಅವನ ತಂದೆಯ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಸಂದೇಶದ ಸಾರ ಇಷ್ಟು. ಪರೀಕ್ಷೆಗಳು ಮುಗಿದಿವೆ. ಮಾರ್ಚ್ ಕೊನೆಗೆ ವೀಸಾ ಅವಧಿ ಮುಗಿಯುತ್ತದೆ. ಕೋಣೆಯಲ್ಲಿರುವ ಬೇರೆ ಬೇರೆ ದೇಶಗಳ ಗೆಳೆಯರು ಬೆನ್ನಿಗೊಂದು ಚೀಲ ಏರಿಸಿಕೊಂಡು ಊರೂರು ಅಲೆಯಲು ಹೊರಟಿದ್ದಾರೆ, ಇವನನ್ನೂ ಕರೆಯುತ್ತಿದ್ದಾರೆ. ಇನ್ನೊಂದು ಕಡೆ ಹೋಟೆಲಿನ ಮಾಲೀಕನೊಬ್ಬ, ಎರಡು ಮೂರು ತಿಂಗಳು ಹೀಗೆಯೇ ಉಳಿದುಕೋ, ಅಡುಗೆಮನೆಯಲ್ಲಿ ಕೆಲಸ ಕೊಡುತ್ತೇನೆ, ಕೂಲಿ ನಗದಾಗಿ ಕೈಗೆ, ಲೆಕ್ಕಪತ್ರ ಏನೂ ಬೇಡ ಎಂದಿದ್ದಾನೆ. ಕೊನೆಯಲ್ಲಿ ಹುಡುಗನ ದನಿ ತಗ್ಗಿತು. "ಹಝ್ರತ್, ಉಳಿದರೆ ಅಬ್ಬಾನ ಸಾಲದಲ್ಲಿ ಅರ್ಧ ತೀರುತ್ತದೆ. ಇಲ್ಲಿ ಯಾರೂ ಕೇಳುವುದಿಲ್ಲ. ಇದು ನಮ್ಮ ದೇಶವೂ ಅಲ್ಲ. ಇವರ ಕಾನೂನು ಮೀರಿದರೆ ಅದು ನಿಜವಾಗಿಯೂ ಗುನಾಹ್ ಆಗುತ್ತದೆಯೇ?"

ಎರಡು ದಿನ ನಾನು ಉತ್ತರ ಕೊಡಲಿಲ್ಲ. ಕಾರಣ ಹೇಳಿಬಿಡುತ್ತೇನೆ. ಅವನ ತಂದೆ ಕಾರ್ಖಾನೆಯ ಗುತ್ತಿಗೆ ಕೆಲಸ ಹೋದ ಮೇಲೆ ಭದ್ರಾವತಿಯಲ್ಲಿ ಆಟೋ ಓಡಿಸುತ್ತಾರೆ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ವಿನಿಮಯ ವಿದ್ಯಾರ್ಥಿಗೆ ಅಲ್ಲಿನ ಬೋಧನಾ ಶುಲ್ಕವಿರಲಿಲ್ಲ, ಆದರೆ ಖರ್ಚಿಗೆ ಹಣವಿದೆಯೆಂದು ವೀಸಾಕ್ಕೆ ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಜರ್ಮನಿ ಇದಕ್ಕೆ ನಿಗದಿ ಮಾಡಿರುವ ಮೊತ್ತ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ ಲೆಕ್ಕ ಹಾಕಿದರೆ ನಮ್ಮ ಹಣದಲ್ಲಿ ಐದು ಲಕ್ಷ ಮೀರುತ್ತದೆ. ಬಡ್ಡಿಯ ಸಾಲ ಬೇಡವೆಂದು ಆ ಮನುಷ್ಯ ಮೂವರು ಬಂಧುಮಿತ್ರರಿಂದ ಕೈಸಾಲ ಪಡೆದರು. ಸಾಲವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂಬುದು ಅಲ್‌ಬಕರಃದ 282ನೆಯ ಸೂಕ್ತದ ಆದೇಶ. ಆ ಮೂರೂ ಪತ್ರಗಳಿಗೆ ಸಾಕ್ಷಿಯಾಗಿ ಸಹಿ ಹಾಕಿದವನು ನಾನೇ. ಹುಡುಗ ಹಣ ಸಂಪಾದಿಸಿ ತಂದರೆ ನನ್ನ ತಲೆಯ ಭಾರವೂ ಇಳಿಯುತ್ತಿತ್ತು. ತನ್ನ ಅನುಕೂಲವಿರುವ ಕಡೆಗೆ ಮಸ್‌ಅಲಾ ವಾಲುವುದು ಎಷ್ಟು ಸುಲಭವೆಂಬುದನ್ನು ಆ ಎರಡು ದಿನಗಳಲ್ಲಿ ತಿಳಿದುಕೊಂಡೆ.

ಮೊದಲು ಅವನ ಸ್ಥಾನ ಯಾವುದೆಂದು ನೋಡೋಣ. ವಿದೇಶದಲ್ಲಿರುವವನೆಲ್ಲ ಪ್ರಯಾಣಿಕನೆಂಬ ಭಾವನೆ ನಮ್ಮ ಯುವಕರಲ್ಲಿದೆ. ಫಿಕ್ಹ್ ಹಾಗೆ ಹೇಳುವುದಿಲ್ಲ. ಹನಫೀ ಮದ್ಹಬಿನಂತೆ ಒಂದು ಊರಿನಲ್ಲಿ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು ತಂಗುವ ಸಂಕಲ್ಪ ಮಾಡಿದವನು ಮುಕೀಮ್, ಅಂದರೆ ನಿವಾಸಿ. ನಮ್ಮ ಕರಾವಳಿಯ ಬ್ಯಾರಿ ಮತ್ತು ನವಾಯತ ಬಂಧುಗಳು ಅನುಸರಿಸುವ ಶಾಫಿಈ ಮದ್ಹಬಿನಲ್ಲಿ ಬಂದ ದಿನ ಮತ್ತು ಹೊರಡುವ ದಿನ ಬಿಟ್ಟು ನಾಲ್ಕು ದಿನ ನಿಲ್ಲುವ ಸಂಕಲ್ಪವೇ ಸಾಕು. ಆದುದರಿಂದ ಅರ್ಧ ವರ್ಷ ಓದಲು ಹೋದ ವಿದ್ಯಾರ್ಥಿ ಬರ್ಲಿನ್ನಿನಲ್ಲಿ ಮುಸಾಫಿರನಲ್ಲ. ನಾಲ್ಕು ರಕಅತ್‌ಗಳನ್ನು ನಾಲ್ಕಾಗಿಯೇ ನಿರ್ವಹಿಸಬೇಕಾದ ಆ ಊರಿನ ನಿವಾಸಿ. ರಜೆಯಲ್ಲಿ ಚೀಲ ಹೊತ್ತು ದೂರದ ಪ್ರಾಗ್‌ಗೋ ವಿಯೆನ್ನಾಕ್ಕೋ ಹೊರಟು ಅಲ್ಲಿ ನಾಲ್ಕೈದು ದಿನ ಸುತ್ತುವಾಗ, ಹನಫೀ ಲೆಕ್ಕದಲ್ಲಿ, ಅವನು ಮುಸಾಫಿರ್. ಒಬ್ಬನೇ ತರುಣ, ಒಂದೇ ಚೀಲ. ಆದರೆ ಸ್ಥಾನ ಎರಡು.

ಇದು ಬರೀ ರಕಅತ್‌ಗಳ ಲೆಕ್ಕವೆಂದು ತಿಳಿಯಬಾರದು. ನಿವಾಸಿಗೆ ನೆರೆಹೊರೆಯಿದೆ, ನೆರೆಯವರಿಗೆ ಹಕ್ಕುಗಳಿವೆ. ಮೇಲಿನ ಮಹಡಿಯಲ್ಲಿ ಮಲಗಿರುವ ಮುದುಕಿ ಯಾವ ಧರ್ಮದವಳೆಂದು ಕೇಳಿ ಈ ಹಕ್ಕು ನಿರ್ಧಾರವಾಗುವುದಿಲ್ಲ. ಜರ್ಮನಿಯ ವಸತಿಗಳಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡಬಾರದೆಂಬ ಪದ್ಧತಿ ಗಟ್ಟಿಯಾಗಿದೆ. ಕಾಗದ, ಪ್ಲಾಸ್ಟಿಕ್, ಗಾಜು, ಅಡುಗೆಯ ಕಸ, ಪ್ರತಿಯೊಂದಕ್ಕೂ ಬೇರೆ ಬೇರೆ ಡಬ್ಬಿ. ನಮ್ಮ ಹುಡುಗ ಮೊದಲ ವಾರ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಎಸೆದು ಬಂದಾಗ, ಪಕ್ಕದ ಕೋಣೆಯವನು ಏನೂ ಮಾತನಾಡದೆ ಅದನ್ನು ತೆರೆದು ಕೈಯಿಂದ ಬೇರ್ಪಡಿಸಿದನಂತೆ. "ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ" ಎಂದು ಹುಡುಗ ಹೇಳಿದ. ಶುಚಿತ್ವ ಈಮಾನಿನ ಭಾಗವೆಂದು ಗೋಡೆಯ ಮೇಲೆ ಬರೆಯಿಸಿ, ಅದೇ ಗೋಡೆಯ ಬುಡದಲ್ಲಿ ಕಸ ಸುರಿಯುವ ನಮ್ಮ ಬೀದಿಗಳ ಚಿತ್ರ ಆಗ ನನ್ನ ಕಣ್ಣ ಮುಂದೆ ಬಂದುಹೋಯಿತು.

ಇನ್ನು ನಮಾಝಿನ ವೇಳೆಗಳು. ಶಿವಮೊಗ್ಗದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಬರ್ಲಿನ್ನಿನಲ್ಲಿ ಡಿಸೆಂಬರಿನ ಕೊನೆಗೆ ಸೂರ್ಯ ಬೆಳಗ್ಗೆ ಎಂಟರ ಬಳಿಕ ಹುಟ್ಟಿ ಸಂಜೆ ನಾಲ್ಕರ ಒಳಗೆ ಮುಳುಗುತ್ತಾನೆ. ಲುಹ್ರ್, ಅಸ್ರ್, ಮಗ್ರಿಬ್ ಮೂರೂ ನಾಲ್ಕು ಗಂಟೆಗಳೊಳಗೆ, ಅದೂ ಪಾಠಗಳ ನಡುವೆ ಬರುತ್ತವೆ. ಜೂನ್ ತಿಂಗಳಲ್ಲಿ ಇದಕ್ಕೆ ತದ್ವಿರುದ್ಧ: ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ, ನಡುರಾತ್ರಿಯಲ್ಲೂ ಅವನು ದಿಗಂತದಿಂದ ಹದಿನಾಲ್ಕು ಡಿಗ್ರಿಯಷ್ಟೇ ಕೆಳಗಿರುತ್ತಾನೆ. ಹದಿನೆಂಟು ಡಿಗ್ರಿಯ ಲೆಕ್ಕದಲ್ಲಿ ಇಶಾ ಹಿಡಿಯುವವನಿಗೆ ಆ ಋತುವಿನಲ್ಲಿ ಇಶಾದ ವೇಳೆ ಬರುವುದೇ ಇಲ್ಲ. ಇಂತಹ ಪ್ರದೇಶಗಳಿಗೆ ವಿದ್ವಾಂಸರು ಬೇರೆ ಬೇರೆ ಪರಿಹಾರ ಹೇಳಿದ್ದಾರೆ. ವಿದ್ಯಾರ್ಥಿಗೆ ನನ್ನ ಸಲಹೆ ಇಷ್ಟೆ: ಊರಿನ ವೇಳಾಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಡ, ಹತ್ತಿರದ ಮಸೀದಿಯವರು ಅನುಸರಿಸುವ ಪಟ್ಟಿಯನ್ನು ನೀನೂ ಹಿಡಿ. ಎರಡು ತರಗತಿಗಳ ನಡುವೆ ಹತ್ತು ನಿಮಿಷ ಬೇಕೆಂದು ಅಧ್ಯಾಪಕರಲ್ಲಿ ಸಭ್ಯವಾಗಿ ಕೇಳು. ಇವನು ಕೇಳಿದ, ಅವರು ಕೊಟ್ಟರು. ಕೇಳುವ ಮೊದಲು ಎರಡು ವಾರ ಮೆಟ್ಟಿಲಿನ ಕೆಳಗೆ ಕದ್ದುಮುಚ್ಚಿ ನಮಾಝ್ ಮಾಡಿದ್ದನಂತೆ!

ಊಟದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಹಲಾಲ್ ಅಂಗಡಿಗಳು ಬರ್ಲಿನ್ನಿನಂತಹ ನಗರದಲ್ಲಿ ಬೇಕಾದಷ್ಟಿವೆ. ಚಿಕ್ಕ ಊರುಗಳಲ್ಲಿ ಅನ್ನ, ಬೇಳೆ, ಮೊಟ್ಟೆ, ಮೀನು ಸಿಗುತ್ತವೆ. ಆಮಂತ್ರಿಸಿದವರಿಗೆ ತಾನು ಏನು ತಿನ್ನುವುದಿಲ್ಲವೆಂದು ಮೊದಲೇ ತಿಳಿಸಬೇಕು. ತಟ್ಟೆ ಮುಂದೆ ಬಂದಾಗ ಮುಖ ಸಿಂಡರಿಸುವುದು ಅತಿಥಿಯ ಲಕ್ಷಣವಲ್ಲ.

ಮುಸಾಫಿರನ ಕಡೆಗೆ ಬರೋಣ. ಬೆನ್ನಿಗೆ ಚೀಲ ಕಟ್ಟಿ ಅಲೆಯುವುದು ಪಶ್ಚಿಮದವರ ಹೊಸ ಶೋಕಿಯೆಂದು ನಮ್ಮ ಹಿರಿಯರು ಕೆಲವರು ಮೂಗು ಮುರಿಯುತ್ತಾರೆ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭ ಹೇಗಾಯಿತೆಂದು ನೋಡುವಂತೆ ಅಲ್‌ಅನ್‌ಕಬೂತ್ ಅಧ್ಯಾಯದ 20ನೆಯ ಸೂಕ್ತವು ಪ್ರೇರೇಪಿಸಿರುವುದನ್ನು ಅವರಿಗೆ ನೆನಪಿಸಬೇಕಾಗಿದೆ. ನಮ್ಮ ಹುಡುಗನ ವಯಸ್ಸಿನಲ್ಲೇ, ಇಪ್ಪತ್ತೊಂದರಲ್ಲಿ, ಕ್ರಿ.ಶ. 1325ರಲ್ಲಿ ಮೊರಾಕ್ಕೋದ ತಾಂಜಿಯರ್ ನಗರದಿಂದ ಒಬ್ಬಂಟಿಯಾಗಿ ಹೊರಟವರು ಇಬ್ನು ಬತೂತಾ. ಅವರು ಪ್ರಪಂಚ ಸುತ್ತಿದ್ದು ಎಲ್ಲರಿಗೂ ಗೊತ್ತು. ಟ್ಯೂನಿಸ್‌ನಲ್ಲಿ ಅತ್ತಿದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ದಾರಿಯಲ್ಲಿ ಜ್ವರ ಹಿಡಿದು, ಬೀಳದಿರಲೆಂದು ತನ್ನನ್ನು ಮುಂಡಾಸಿನ ಬಟ್ಟೆಯಿಂದ ಜೀನಿಗೆ ಕಟ್ಟಿಕೊಂಡು ಬಂದಿದ್ದರು. ಟ್ಯೂನಿಸ್ ತಲುಪಿದಾಗ ಊರ ಜನ ಎದುರುಗೊಂಡು ಬಂದು ಜೊತೆಯವರಿಗೆಲ್ಲ ಸಲಾಂ ಹೇಳಿದರು. ಇವರನ್ನು ಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಯಾರೂ ಮಾತನಾಡಿಸಲಿಲ್ಲ. ತಡೆಯಲಾರದೆ ಅತ್ತುಬಿಟ್ಟರು. ಅದನ್ನು ಗಮನಿಸಿದ ಒಬ್ಬ ಯಾತ್ರಿಕ ಹತ್ತಿರ ಬಂದು ಸಲಾಂ ಹೇಳಿ, ನಗರ ಪ್ರವೇಶಿಸುವವರೆಗೂ ಮಾತನಾಡುತ್ತ ಜೊತೆಗೂಡಿದ. ಹಲವು ವರ್ಷಗಳ ಮೇಲೂ ಇಬ್ನು ಬತೂತಾ ಇದನ್ನು ಮರೆಯದೆ ಬರೆಯಿಸಿದ್ದಾರೆ.

ನಮ್ಮ ಮಕ್ಕಳು ಮೊದಲ ತಿಂಗಳು ಕರೆ ಮಾಡಿ "ಎಲ್ಲ ಚೆನ್ನಾಗಿದೆ ಅಮ್ಮಿ" ಎಂದು ಹೇಳಿ ಬೇಗನೆ ಫೋನ್ ಇಟ್ಟರೆ, ತಾಯಂದಿರು ಟ್ಯೂನಿಸ್ಸನ್ನು ನೆನಪಿಸಿಕೊಳ್ಳಬೇಕು. ಆ ಒಂಟಿತನದಲ್ಲಿ ಯಾರು ಮೊದಲು ಸಲಾಂ ಹೇಳುತ್ತಾರೋ ಹುಡುಗ ಅವರವನಾಗುತ್ತಾನೆ. ಅವರು ಒಳ್ಳೆಯವರಾದರೆ ಅವನ ಪುಣ್ಯ. ಹೋಟೆಲಿನ ಮಾಲೀಕನಂತಹವರಾದರೆ? ಇಲ್ಲಿ ಒಂದು ಮಾತು: ಆ ಮಾಲೀಕ ಕೆಟ್ಟವನೇನಲ್ಲ. ಹಬ್ಬದ ದಿನ ಹುಡುಗನನ್ನು ಕರೆದು ಊಟ ಹಾಕಿದವನು ಅವನೇ. ತಪ್ಪಿನ ಆಮಂತ್ರಣ ಬಹಳ ಸಲ ಪ್ರೀತಿಯ ಕೈಯಿಂದಲೇ ಬರುತ್ತದೆ.

ಇದೇ ಇಬ್ನು ಬತೂತಾ 1340ರ ದಶಕದ ಆರಂಭದಲ್ಲಿ ನಮ್ಮ ಶರಾವತಿಯ ಮುಖದ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡರು. (ಆ ಕಾಲದ ಹದಿಮೂರು! ಈಗ ಓದಲು ಹೊರಟ ಹೆಣ್ಣುಮಗಳನ್ನು ಬಾಗಿಲಲ್ಲಿ ತಡೆಯುವವರು ಈ ಸಂಖ್ಯೆಯನ್ನು ಎರಡು ಸಲ ಓದಬೇಕು.) ಗೋವೆಯಿಂದ ದಕ್ಷಿಣಕ್ಕೆ ಕರಾವಳಿಯ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದು ಮರದ ಮನೆ, ದಣಿದವರು ಕೂರಲು ಜಗುಲಿ, ಕುಡಿಯಲು ಬಾವಿ. ಬಾವಿಯನ್ನು ನೋಡಿಕೊಳ್ಳುವವನು ಹಿಂದೂ. ಮುಸ್ಲಿಮ್ ಪ್ರಯಾಣಿಕನಿಗೆ ಅವನು ತನ್ನ ಪಾತ್ರೆ ಕೊಡುತ್ತಿರಲಿಲ್ಲ, ಬೊಗಸೆಗೆ ನೀರು ಹೊಯ್ಯುತ್ತಿದ್ದ. ಊಟ ಬಾಳೆಯೆಲೆಯ ಮೇಲೆ. ಇಬ್ನು ಬತೂತಾ ಆ ಭೇದವನ್ನೂ ಬರೆದರು, ಆ ಉಪಕಾರವನ್ನೂ ಬರೆದರು. ಒಂದಕ್ಕಾಗಿ ಇನ್ನೊಂದನ್ನು ಮರೆಮಾಡಲಿಲ್ಲ. ವಿದೇಶದಿಂದ ಮರಳಿದ ನಮ್ಮ ತರುಣರಲ್ಲಿ ಕೆಲವರು ಅಲ್ಲಿನದೆಲ್ಲ ಸ್ವರ್ಗವೆಂದೂ ಇನ್ನು ಕೆಲವರು ಅಲ್ಲಿನದೆಲ್ಲ ಕೊಳಕೆಂದೂ ಹೇಳುವುದನ್ನು ಕೇಳುವಾಗ, ಈ ಪ್ರವಾಸಿಯ ನ್ಯಾಯಬುದ್ಧಿ ಅಪರೂಪವೆನಿಸುತ್ತದೆ.

ಸಾಲದ ವಿಷಯದಲ್ಲಿ ಮಾತ್ರ ಅವರನ್ನು ಅನುಸರಿಸಬೇಡಿ. ದಿಲ್ಲಿಯಲ್ಲಿದ್ದಾಗ ವ್ಯಾಪಾರಿಗಳಿಂದ 55,000 ದೀನಾರ್ ಸಾಲ ಮಾಡಿ, ಕೊನೆಗೆ ಸುಲ್ತಾನನಿಂದ ತೀರಿಸಿಕೊಂಡರು. ಭದ್ರಾವತಿಯ ಆಟೋ ಚಾಲಕನಿಗೆ ಯಾವ ಸುಲ್ತಾನನಿದ್ದಾನೆ?

ಹುಡುಗನ ಪ್ರಶ್ನೆಗೆ ಮರಳುತ್ತೇನೆ. ಮದ್ರಸದಲ್ಲಿ ನಾವು ಹಿದಾಯಾ ಗ್ರಂಥವನ್ನು ಓದುವಾಗ ಮುಸ್ತಅಮಿನ್ ಎಂಬ ಪ್ರಕರಣವನ್ನು ಬೇಗ ಬೇಗನೆ ದಾಟಿದ್ದೆವು. ಮುಸ್ತಅಮಿನ್ ಎಂದರೆ ಅಮಾನ್ ಪಡೆದು, ಅಂದರೆ ಅಭಯಪತ್ರ ಪಡೆದು, ಬೇರೆ ರಾಜ್ಯವನ್ನು ಪ್ರವೇಶಿಸಿದವನು. ರಾಜರು ಪರಸ್ಪರ ಯುದ್ಧ ಮಾಡುತ್ತಿದ್ದ ಹಳೆಯ ಕಾಲದ ಮಸ್‌ಅಲಾ, ನಮಗೇಕೆ ಎಂದುಕೊಂಡಿದ್ದೆವು. ಆ ರಾತ್ರಿ ಪುಸ್ತಕದ ಧೂಳು ಕೊಡವಿ ಮತ್ತೆ ತೆರೆದೆ. ಕ್ರಿ.ಶ. 1197ರಲ್ಲಿ ನಿಧನರಾದ ಇಮಾಮ್ ಮರ್ಗೀನಾನೀ ಅಲ್ಲಿ ಹೇಳಿರುವುದರ ಭಾವ ಇದು: ವ್ಯಾಪಾರಕ್ಕಾಗಿ ಅಮಾನ್ ಪಡೆದು ಶತ್ರುರಾಜ್ಯಕ್ಕೆ ಹೋದ ಮುಸ್ಲಿಮನಿಗೆ ಅಲ್ಲಿನವರ ಜೀವಕ್ಕಾಗಲಿ ಸೊತ್ತಿಗಾಗಲಿ ಕೈಹಾಕುವುದು ಧರ್ಮಸಮ್ಮತವಲ್ಲ, ಏಕೆಂದರೆ ಹಾಗೆ ಮಾಡುವುದಿಲ್ಲವೆಂದು ಅವನು ಅಮಾನ್ ಪಡೆಯುವಾಗಲೇ ಹೊಣೆ ಹೊತ್ತಿದ್ದಾನೆ. ಅದನ್ನು ಮುರಿದರೆ ಅದು ಗದ್ರ್, ವಿಶ್ವಾಸದ್ರೋಹ. ಅವರಿಗಿಂತ ನಾಲ್ಕು ಶತಮಾನಗಳ ಹಿಂದೆ, ಕ್ರಿ.ಶ. 805ರಲ್ಲಿ ತೀರಿಕೊಂಡ ಇಮಾಮ್ ಮುಹಮ್ಮದ್ ಬಿನ್ ಹಸನ್ ಶೈಬಾನೀಯವರ ನಿಲುವೂ ಇದೇ ಆಗಿತ್ತು.

ಗಮನಿಸಿ, ಇದು ಶತ್ರುವಿನ ರಾಜ್ಯದ ಮಾತು. ಕರೆದು ಪಾಠ ಹೇಳಿ, ಗ್ರಂಥಾಲಯದ ಬಾಗಿಲು ತೆರೆದು, ಶುಲ್ಕವನ್ನೂ ಬಿಟ್ಟುಕೊಟ್ಟ ದೇಶದ ವಿಷಯದಲ್ಲಿ ಏನು ಹೇಳಬೇಕು? ವೀಸಾ ಎಂಬುದು ಈ ಕಾಲದ ಅಮಾನ್. ಅರ್ಜಿಯ ಕೊನೆಯಲ್ಲಿ ಸಹಿ ಹಾಕುವಾಗ ವಿದ್ಯಾರ್ಥಿ ನಾನು ಇಂತಿಷ್ಟು ದಿನ, ಇಂತಹ ಉದ್ದೇಶಕ್ಕೆ, ಇಂತಹ ಷರತ್ತುಗಳಿಗೆ ಒಳಪಟ್ಟು ಇರುತ್ತೇನೆ ಎಂದು ಮಾತು ಕೊಡುತ್ತಾನೆ. ಅಲ್‌ಮಾಇದಃ ಅಧ್ಯಾಯವು ಆರಂಭವಾಗುವುದೇ ಕರಾರುಗಳನ್ನು ಪೂರೈಸಬೇಕೆಂಬ ಆಜ್ಞೆಯಿಂದ. ಕರಾರಿನ ಇನ್ನೊಂದು ಕಡೆಯಲ್ಲಿ ಯಾರಿರಬೇಕೆಂಬ ಷರತ್ತು ಅಲ್ಲಿಲ್ಲ.

ಹಿಜರಿ ಆರನೆಯ ವರ್ಷದ ಹುದೈಬಿಯಾ ಘಟನೆ ಓದುಗರಿಗೆ ತಿಳಿದದ್ದೇ. ಮಕ್ಕಾದಿಂದ ಪೋಷಕರ ಅನುಮತಿಯಿಲ್ಲದೆ ಬಂದವರನ್ನು ಹಿಂದಿರುಗಿಸಬೇಕೆಂಬ ಷರತ್ತು ಇನ್ನೂ ಬರೆಯಲಾಗುತ್ತಿದ್ದಂತೆಯೇ ಅಬೂ ಜಂದಲ್(ರ) ಕಾಲಿನ ಸರಪಳಿಯೊಂದಿಗೆ ಅಲ್ಲಿಗೆ ಬಂದು ಬಿದ್ದರು. ಸಂಧಾನಕ್ಕೆ ಬಂದಿದ್ದ ಸುಹೈಲ್ ಅವರ ತಂದೆ. ಸಹಾಬಿಗಳ ಹೃದಯ ಹಿಂಡಿತು. ಆದರೂ ಪ್ರವಾದಿವರ್ಯರು(ಸ) ಕೊಟ್ಟ ಮಾತಿಗೆ ತಪ್ಪಲಿಲ್ಲ. ಸರಪಳಿಯ ಆ ಯಾತನೆಯ ಮುಂದೆ ನಮ್ಮ ಐದು ಲಕ್ಷದ ಕಷ್ಟ ಎಷ್ಟು ದೊಡ್ಡದು? ಹಿಜ್‌ರತ್‌ನ ರಾತ್ರಿಯೂ ಹಾಗೆಯೇ. ತಮ್ಮನ್ನು ಕೊಲ್ಲಲು ಹೊಂಚುಹಾಕಿದ್ದ ಊರಿನ ಜನರ ಇಡುಗಂಟುಗಳನ್ನು ಮರಳಿಸಲೆಂದು ಅವರು ಹಝ್ರತ್ ಅಲಿ(ರ)ಯವರನ್ನು ಅಲ್ಲಿಯೇ ಬಿಟ್ಟು ಹೊರಟರು.

ಅವಧಿ ಮೀರಿ ಉಳಿಯುವುದರ ಬಗ್ಗೆ ಇನ್ನೂ ಹತ್ತಿರದ ಮಾರ್ಗದರ್ಶನವಿದೆ. ಅಬೂ ಶುರೈಹ್(ರ) ವರದಿ ಮಾಡಿರುವ, ಬುಖಾರಿಯಲ್ಲಿರುವ ಹದೀಸಿನಲ್ಲಿ ಅತಿಥಿಯ ಸತ್ಕಾರಕ್ಕೆ ಮೂರು ದಿನಗಳ ಮಿತಿ ಹೇಳಲಾಗಿದೆ. ಅದರ ಮೇಲೆ ಕೊಡುವುದೆಲ್ಲ ಆತಿಥೇಯನ ದಾನ. ಆತಿಥೇಯನಿಗೆ ತೊಂದರೆಯಾಗುವಷ್ಟು ಕಾಲ ಅತಿಥಿ ಅಲ್ಲಿಯೇ ತಂಗುವುದು ಸಲ್ಲದೆಂದೂ ಅದರಲ್ಲಿದೆ. ಅತಿಥಿಸತ್ಕಾರದ ಬಗ್ಗೆ ನಾವು ಮಿಂಬರಿನಿಂದ ನೂರು ಪ್ರವಚನ ಕೇಳಿದ್ದೇವೆ. ಅತಿಥಿಯ ಕರ್ತವ್ಯದ ಬಗ್ಗೆ ಎಷ್ಟು ಕೇಳಿದ್ದೇವೆ?

"ಅದು ನಮ್ಮ ದೇಶವಲ್ಲವಲ್ಲ" ಎಂಬ ವಾದವನ್ನು ತಿರುಗಿಸಿ ನೋಡಬಹುದು. ಜೋಗ, ಆಗುಂಬೆ, ಸಕ್ರೆಬೈಲು ನೋಡಲು ಚೀಲ ಹೊತ್ತ ವಿದೇಶೀ ತರುಣ ತರುಣಿಯರು ಶಿವಮೊಗ್ಗದ ರೈಲು ನಿಲ್ದಾಣದಲ್ಲಿ ಇಳಿಯುತ್ತಾರೆ. ಅವರಿಗೆ ಕೋಣೆ ಕೊಟ್ಟವರು 24 ಗಂಟೆಗಳೊಳಗೆ ಸರಕಾರಕ್ಕೆ ಮಾಹಿತಿ ನೀಡಬೇಕೆಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಅವರಲ್ಲೊಬ್ಬ ವೀಸಾ ಮುಗಿದ ಮೇಲೂ ಗಾಂಧಿ ಬಜಾರಿನಲ್ಲಿ ಅಡಗಿ ಕೂತು, ಇದೇನು ನನ್ನ ದೇಶವೇ ಎಂದು ಕೇಳಿದರೆ ನಾವು ಏನೆನ್ನುತ್ತೇವೆ? ತನಗೆ ಬಯಸುವುದನ್ನೇ ಇತರರಿಗೂ ಬಯಸಬೇಕೆಂಬ ಪಾಠವನ್ನು ಬಸ್ಸಿನ ಸೀಟಿಗೆ ಮಾತ್ರ ಅನ್ವಯಿಸಿ ಗಡಿಯ ಆಚೆ ಮರೆಯುವುದು ಸರಿಯೇ?

ಹಾಗೆಂದು ದುಡಿಯುವುದೇ ತಪ್ಪೆಂದು ಯಾರೂ ಭಾವಿಸಬಾರದು. ಜರ್ಮನಿಯ ಕಾನೂನು 2024ರಿಂದ ವಿದೇಶೀ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಬಿಡುತ್ತದೆ. ನಮ್ಮವನೂ ವಾರಾಂತ್ಯಗಳಲ್ಲಿ ಗೋದಾಮೊಂದರಲ್ಲಿ ಪೆಟ್ಟಿಗೆ ಜೋಡಿಸಿ ತನ್ನ ಊಟದ ಖರ್ಚನ್ನು ತಾನೇ ಗಳಿಸಿದ. ಅದು ಹಲಾಲಿನ ಗಳಿಕೆ, ಬೆವರಿನ ಗಳಿಕೆ. ಅಲೆದಾಡುವುದಕ್ಕೂ ಅವಕಾಶವಿದೆ: ಜರ್ಮನಿಯ ದೀರ್ಘಾವಧಿ ವೀಸಾ ಇರುವವನು ಅದು ಚಾಲ್ತಿಯಲ್ಲಿರುವಷ್ಟು ಕಾಲ ಷೆಂಗೆನ್ ಒಪ್ಪಂದದ ಉಳಿದ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಸುತ್ತಬಹುದು. ಬಾಗಿಲುಗಳು ಇಷ್ಟು ಅಗಲವಾಗಿ ತೆರೆದಿರುವಾಗ ಗೋಡೆ ಹಾರುವುದೇಕೆ? ಲೆಕ್ಕಕ್ಕಿಲ್ಲದ ಕೂಲಿಯ ಸ್ಥಿತಿ ಬೇರೆ. ಕೈ ಸುಟ್ಟುಕೊಂಡರೆ ವಿಮೆಯಿಲ್ಲ, ಮಾಲೀಕ ಹಣ ಕೊಡದಿದ್ದರೆ ಹೆದರಿಕೆಯಿಂದ ದೂರು ಕೊಡುವಂತಿಲ್ಲ, ಸಿಕ್ಕಿಬಿದ್ದರೆ ಮತ್ತೆ ಆ ದೇಶಗಳಿಗೆ ಪ್ರವೇಶವೇ ಇಲ್ಲವಾಗಬಹುದು. ಅವನ ಹಿಂದೆ ಅದೇ ಕಾಲೇಜಿನಿಂದ ಅರ್ಜಿ ಹಾಕುವ ಹುಡುಗ ಹುಡುಗಿಯರನ್ನೂ ಅಧಿಕಾರಿಗಳು ಅನುಮಾನದಿಂದ ನೋಡುತ್ತಾರೆ. ಒಬ್ಬನ ಎರಡು ತಿಂಗಳ ಕೂಲಿಗೆ ಹತ್ತು ಮಂದಿ ಬೆಲೆ ತೆರಬೇಕೆ?

ಇಷ್ಟನ್ನೂ ಅವನಿಗೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ನನಗೇ ಅದು ಸಾಲದೆನಿಸಿತು. ಮಸ್‌ಅಲಾ ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಸಾಲ ಇದ್ದಲ್ಲೇ ಇರುತ್ತದೆ. ಮರುದಿನ ಅಸ್ರ್ ಬಳಿಕ ಭದ್ರಾವತಿಗೆ ಹೋದೆ. ಸೇತುವೆ ದಾಟುವಾಗ ಒಂದು ವಿಚಾರ ಮನಸ್ಸಿಗೆ ಬಂತು. ಬೆಂಕಿಪುರವೆಂಬ ಹೆಸರಿದ್ದ ಈ ಊರು ಭದ್ರಾವತಿಯ ಕಬ್ಬಿಣದ ನಗರವಾಗಿ ಬೆಳೆದದ್ದೇ ಹೊರಗಿನಿಂದ ಬಂದವರಿಂದ. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದನ್ನು ಮುನ್ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆಗಳನ್ನು ನೋಡಿ ಬಂದವರು. ಕೆಲಸ ಹುಡುಕಿ ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಿನ ನಮ್ಮವರು ಒಂದೊಂದು ತಗಡಿನ ಪೆಟ್ಟಿಗೆಯೊಂದಿಗೆ ಇಲ್ಲಿಗೆ ಬಂದರು. ಮುಸಾಫಿರರಾಗಿ ಬಂದು ಮುಕೀಮರಾದರು. ಪರದೇಶದಲ್ಲಿ ಹೇಗೆ ಬಾಳಬೇಕೆಂದು ಕೇಳಲು ಈ ಊರಿನ ಮಕ್ಕಳು ದೂರ ಹೋಗಬೇಕಾಗಿಲ್ಲ, ತಮ್ಮ ಅಜ್ಜಂದಿರನ್ನೇ ಕೇಳಬಹುದು.

ಹುಡುಗನ ತಂದೆಯನ್ನು ಕರೆದುಕೊಂಡು ಸಾಲ ಕೊಟ್ಟ ಮೂವರ ಮನೆಗೂ ಹೋದೆ. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಬೇಕೆಂದು ಅಲ್‌ಬಕರಃದ 280ನೆಯ ಸೂಕ್ತ ಹೇಳುತ್ತದೆ. ಸಾಕ್ಷಿಯ ಸಹಿಗೆ ಎರಡು ಸೂಕ್ತ ಮುಂಚೆಯೇ ಈ ಮಾತಿದೆ. ನಾವು ಸಹಿಯನ್ನು ನೆನಪಿಟ್ಟು ಇದನ್ನು ಮರೆಯುತ್ತೇವೆ. ಒಬ್ಬರು ಒಂದು ವರ್ಷ ಸಮಯ ಕೊಟ್ಟರು. ಇನ್ನೊಬ್ಬರು ಚಹಾ ಕೊಟ್ಟು, ಹುಡುಗ ಓದು ಮುಗಿಸಿ ಕೆಲಸಕ್ಕೆ ಸೇರಲಿ, ಆಮೇಲೆ ನೋಡೋಣ ಎಂದರು. ಮೂರನೆಯವರು ಕೊಡಲಿಲ್ಲ. ಅವರ ಮಗಳ ಮದುವೆ ಹತ್ತಿರವಿತ್ತು, ಅವರನ್ನು ದೂರುವಂತಿಲ್ಲ. ಅವರ ಪಾಲನ್ನು ತೀರಿಸಲು ಹುಡುಗನ ತಾಯಿ ಎರಡು ಬಳೆಗಳನ್ನು ಮಾರಿದರು. ಬಳೆ ತೆಗೆಯುವಾಗ ಅವರು ಅಳಲಿಲ್ಲ. "ಅವನು ನೇರ ದಾರಿಯಲ್ಲಿ ಬರಲಿ ಮೌಲಾನಾ, ಬಳೆ ಮತ್ತೆ ಬರುತ್ತದೆ" ಎಂದರು. ತಂದೆ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಈ ನಡುವೆ ಹಿಂತಿರುಗುವ ವಿಮಾನದ ದಿನಾಂಕ ಬದಲಿಸಲು ಹುಡುಗನಿಗೆ ಸ್ವಲ್ಪ ಹಣ ಕಡಿಮೆ ಬಿತ್ತು. ಅತ್ತೌಬಃ ಅಧ್ಯಾಯದ 60ನೆಯ ಸೂಕ್ತವು ಝಕಾತಿನ ಎಂಟು ಹಕ್ಕುದಾರರಲ್ಲಿ ಕೊನೆಯವನಾಗಿ ಇಬ್ನುಸ್ಸಬೀಲ್‌ನನ್ನು, ಅಂದರೆ ದಾರಿಹೋಕನನ್ನು ಹೆಸರಿಸಿದೆ. ಊರಿನಲ್ಲಿ ಅನುಕೂಲವಂತನಾಗಿದ್ದರೂ ದಾರಿಯಲ್ಲಿ ಕೈ ಬರಿದಾದವನಿಗೆ ಅವನ ಅಗತ್ಯದಷ್ಟು ಇದರಿಂದ ಕೊಡಬಹುದು. ನಮ್ಮ ಜಮಾಅತ್‌ಗಳ ಲೆಕ್ಕಪುಸ್ತಕಗಳಲ್ಲಿ ಮದುವೆಗೆ, ಔಷಧಿಗೆ ಪುಟಗಳಿವೆ. ದಾರಿಹೋಕನಿಗೆ ಒಂದು ಪುಟವನ್ನು ನಾನು ಇನ್ನೂ ಕಂಡಿಲ್ಲ. ಅಷ್ಟರಲ್ಲಿ ಅವನ ಗೋದಾಮಿನ ಕೊನೆಯ ವಾರದ ಕೂಲಿ ಬಂದು, ಯಾರಲ್ಲೂ ಕೇಳಬೇಕಾಗಲಿಲ್ಲ. ವೀಸಾ ಮುಗಿಯಲು ಇನ್ನೂ ಎರಡು ವಾರವಿತ್ತು. ಗೆಳೆಯರೊಂದಿಗೆ ಐದು ದಿನ ಚೀಲ ಹೊತ್ತು ಪ್ರಾಗ್ ನೋಡಿ ಬಂದ. ಮೂವರು ಪ್ರಯಾಣ ಹೊರಟರೆ ಒಬ್ಬನನ್ನು ನಾಯಕನನ್ನಾಗಿ ಮಾಡಿಕೊಳ್ಳಬೇಕೆಂಬ ಪ್ರವಾದಿವರ್ಯರ(ಸ) ಸಲಹೆಯನ್ನು ಗೆಳೆಯರಿಗೆ ಹೇಳಿದಾಗ ಅವರು ಖುಷಿಯಾಗಿ ಇವನನ್ನೇ ನಾಯಕನನ್ನಾಗಿ ಮಾಡಿದರಂತೆ. ಪರಿಣಾಮವಾಗಿ ಐದೂ ದಿನ ರೈಲಿನ ವೇಳೆ ನೋಡುವ, ಅಗ್ಗದ ವಸತಿ ಹುಡುಕುವ ಕೆಲಸ ಇವನ ತಲೆಗೆ ಬಿತ್ತು!

ಮಾರ್ಚ್ ಮುಗಿಯುವ ಮೊದಲೇ ಊರಿಗೆ ಬಂದ. ಒಂದು ಸಂಜೆ ನಮ್ಮ ತರಗತಿಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತ. ಏನು ಕಲಿತೆ ಎಂದು ಮಕ್ಕಳು ಕೇಳಿದಾಗ ಅವನು ಯಂತ್ರಗಳ ಬಗ್ಗೆ ಹೇಳಲಿಲ್ಲ. ಅಲ್ಲಿ ಕೂತು ಭದ್ರಾವತಿಯನ್ನು ಮೊದಲ ಸಲ ನೋಡಿದೆ ಎಂದ. ಕನ್ನಡ ಬಿ.ಎ. ಓದಿದ ನನಗೆ ಆಗ ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ನೆನಪಾಯಿತು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್.ಡಿ. ಪಡೆದರು. 1965ರ 'ಸಂಸ್ಕಾರ' ಕಾದಂಬರಿಯನ್ನು ಬರೆದದ್ದು ಅಲ್ಲಿಯೇ. ಇಂಗ್ಲಿಷ್ ಸಾಹಿತ್ಯ ಓದಲು ಹೋದವರಿಗೆ ತಮ್ಮ ಮಲೆನಾಡಿನ ಅಗ್ರಹಾರ ಅಷ್ಟು ದೂರದಿಂದ ಅಷ್ಟು ಸ್ಪಷ್ಟವಾಗಿ ಕಂಡಿತು.

ತರಗತಿ ಮುಗಿದು ಮಕ್ಕಳೆಲ್ಲ ಹೋದ ಮೇಲೆ ಹುಡುಗ ಉಳಿದುಕೊಂಡ. ಇನ್ನೊಂದು ಮಾತಿದೆ ಎಂದ. ಬರ್ಲಿನ್ನಿನ ರೈಲು ನಿಲ್ದಾಣಗಳಲ್ಲಿ ತಡೆಗೇಟುಗಳಿಲ್ಲ. ಟಿಕೆಟ್ ಕೊಂಡಿದ್ದೀರೆಂಬ ವಿಶ್ವಾಸದ ಮೇಲೆ ಬಿಡುತ್ತಾರೆ. ಆಗೊಮ್ಮೆ ಈಗೊಮ್ಮೆ ತನಿಖೆಯವರು ಹತ್ತುತ್ತಾರೆ, ಇಲ್ಲದವರಿಗೆ 60 ಯೂರೋ ದಂಡ. ಮೊದಲ ತಿಂಗಳು, ವಿದ್ಯಾರ್ಥಿ ಪಾಸ್ ಇನ್ನೂ ಕೈಗೆ ಬಂದಿರದಾಗ, ಹಣ ಉಳಿಸಲೆಂದು ನಾಲ್ಕು ಸಲ ಟಿಕೆಟ್ ಇಲ್ಲದೆ ಹೋಗಿದ್ದನಂತೆ. ಯಾರೂ ಹಿಡಿಯಲಿಲ್ಲ. "ತೌಬಾ ಮಾಡಿದ್ದೇನೆ ಹಝ್ರತ್, ಅಷ್ಟು ಸಾಕೇ?"

ಸಾಲದು ಎಂದೆ. ಅದು ಅಲ್ಲಾಹನ ಹಕ್ಕು ಮಾತ್ರವಲ್ಲ, ಜನರ ಸೊತ್ತು, ಮರಳಿ ತಲುಪಬೇಕು. ನಮ್ಮ ದೇಶದ ಉಲಮಾಗಳು ರೈಲಿನಲ್ಲಿ ಟಿಕೆಟ್ಟಿಲ್ಲದೆ ಹೋದವನಿಗೆ ಹೇಳಿಕೊಂಡು ಬಂದಿರುವ ಸರಳ ಉಪಾಯವೊಂದಿದೆ: ಅಷ್ಟೇ ಬೆಲೆಯ ಟಿಕೆಟ್ ಕೊಂಡು, ಅದನ್ನು ಬಳಸದೆ ಹರಿದುಹಾಕುವುದು. ಆದರೆ ಅವನು ಈಗ ಇಲ್ಲಿದ್ದಾನೆ, ಅದು ಅಲ್ಲಿನ ರೈಲು. ಕಸದ ಚೀಲವನ್ನು ಬೇರ್ಪಡಿಸಿದ್ದ ಆ ಪಕ್ಕದ ಕೋಣೆಯವನು ಇನ್ನೂ ಅಲ್ಲೇ ಓದುತ್ತಿದ್ದಾನೆಂದೂ ಅವನಿಗೆ ಹಣ ಕಳುಹಿಸಬಹುದೆಂದೂ ಹುಡುಗನೇ ಯೋಚಿಸಿ ಹೇಳಿದ.

ಹತ್ತು ದಿನಗಳ ಬಳಿಕ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಯಾವುದೋ ಮೇಜಿನ ಮೇಲೆ ನಾಲ್ಕು ಟಿಕೆಟುಗಳು, ನಾಲ್ಕೂ ಅಡ್ಡಲಾಗಿ ಹರಿದವು. ಕೆಳಗೆ ಹುಡುಗ ಬರೆದಿದ್ದ: ಗೆಳೆಯ ಹಣ ತೆಗೆದುಕೊಳ್ಳಲು ಒಪ್ಪುತ್ತಿಲ್ಲ, ಈಗ ಅವನ ಸಾಲ ಹೇಗೆ ತೀರಿಸಲಿ?